ಮಾಸ್ತರರ ಇಟಲಿಯ ಗುಡಿ

ಹೋದ ತಿಂಗಳು ನಮ್ಮ ಹಳೆಯ ಸಾಲೆಯಲ್ಲಿ ಮಾಸ್ತರರ ಪಟ ಹಾಕಿದರು. ಅವರು ತೀರಿಕೊಂಡು ಒಂದು ವರ್ಷವಾಗಿತ್ತು. ಬದುಕಿದ್ದಾಗ ಅವರು ಒಂದೂ ಫೋಟೋ ತೆಗೆಸಿಕೊಂಡವರಲ್ಲ. ಹೀಗಾಗಿ ಸವದತ್ತಿಯ ಪೇಂಟರನೊಬ್ಬ ಅವರ ತಮ್ಮನನ್ನು ಎದುರಿಗೆ ಕೂಡಿಸಿಕೊಂಡು, ಅಣ್ಣನವರ ಮೂಗು ಇದಕ್ಕಿಂತ ದಪ್ಪವೋ ತೆಳುವೋ ಎಂದು ಕೇಳಿ ಕೇಳಿ ಆ ಪಟ ಬರೆದ. ಅಣ್ಣನೂ ಅಲ್ಲದ ತಮ್ಮನೂ ಅಲ್ಲದ ಮೂರನೆಯ ಗೃಹಸ್ಥನೊಬ್ಬ ಈಗ ಆ ಚೌಕಟ್ಟಿನಲ್ಲಿ ಗಂಭೀರವಾಗಿ ಕುಳಿತಿದ್ದಾನೆ. ಎರಡು ಮಾತಾಡಲು ನನ್ನನ್ನು ಕರೆದಿದ್ದರು. ನಾನು ಶಿಸ್ತು, ಸರಳತೆ, ಮಕ್ಕಳ ಮೇಲಿನ ಪ್ರೀತಿ ಎಂದೆಲ್ಲ ಮಾತಾಡಿ, ಚಪ್ಪಾಳೆ ಹೊಡೆಸಿಕೊಂಡು, ಹಾರ ಹಾಕಿಸಿಕೊಂಡು ಮನೆಗೆ ಬಂದೆ. ಬಂದ ಮೇಲೆ ನನ್ನ ಭಾಷಣವೂ ಆ ಪೇಂಟರನ ಪಟವೂ ಒಂದೇ ಜಾತಿ ಅನ್ನಿಸಿ ನಾಚಿಕೆಯಾಯಿತು. ಹಾಗಾಗಿ ಅಲ್ಲಿ ಆಡದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ಹೇಳುವುದಿಲ್ಲ. ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೂ ಇಲ್ಲ. ಬೈಲಹೊಂಗಲದಿಂದ ಯರಗಟ್ಟಿಯ ಕಡೆಗೆ ಹೋಗುವಾಗ ಎರಡು ಹಳ್ಳ ದಾಟಿದ ಮೇಲೆ ಸಿಗುವ ಆ ಊರಲ್ಲಿ ಮಾಸ್ತರು ಎಂದರೆ ಅವರೊಬ್ಬರೇ. ಜರ್ಮನ್ ಲಡಾಯಿ ಮುಗಿದ ಮರುವರ್ಷ ನಾನು ಅವರ ಕೈಕೆಳಗೆ ಹೋದೆ. ನಾನೂ ಮಾಸ್ತರನೇ, ಆದರೆ ಊರವರು ನನ್ನನ್ನು ಸಣ್ಣ ಮಾಸ್ತರು ಅಂದರು, ಅದು ನನಗೆ ಒಂದಿಷ್ಟೂ ಸೇರಲಿಲ್ಲ. ಧಾರವಾಡದಲ್ಲಿ ಟ್ರೇನಿಂಗು ಮುಗಿಸಿ ಹೊಸದಾಗಿ ಹೊರಬಿದ್ದವನು. ತಲೆ ತುಂಬ ಶಿಕ್ಷಣಪದ್ಧತಿ, ಮೈಮೇಲೆ ಇಸ್ತ್ರಿಯ ಕೋಟು. ನಾಲ್ಕು ತಿಂಗಳಲ್ಲಿ ಆ ಸಾಲೆಯನ್ನೂ ಅದರ ಮುದಿ ಮಾಸ್ತರನನ್ನೂ ತಿದ್ದಿಬಿಡುತ್ತೇನೆಂದು ಹುರುಪಿನಲ್ಲಿದ್ದೆ.

ಅವರು ಕುಳ್ಳಗಿದ್ದರು. ಗಿಡ್ಡ ಧೋತರ, ಕರಿ ಕೋಟು, ತಲೆಗೆ ರುಮಾಲು. ಕೋಟಿನ ಬಲಗಿಸೆಯಲ್ಲಿ ತಪಕೀರಿನ ಡಬ್ಬಿ, ಎಡಗಿಸೆಯಲ್ಲಿ ಸೀಮೆಸುಣ್ಣ. ವಾರಕ್ಕೊಮ್ಮೆಯಾದರೂ ಕಿಸೆ ತಪ್ಪಿ ಸುಣ್ಣದ ಪುಡಿಯನ್ನು ಮೂಗಿಗೇರಿಸಿ, ಸೀನಿ ಸೀನಿ ಸುಸ್ತಾಗಿ, ಮಕ್ಕಳ ಜೊತೆಗೆ ತಾವೂ ನಗುತ್ತಿದ್ದರು. ಒಂದು ಲೆಕ್ಕವನ್ನು ಹಲಗೆಯ ಮೇಲೆ ತಪ್ಪು ಮಾಡಿದರೆ ಅದನ್ನು ಒರೆಸುತ್ತಿರಲಿಲ್ಲ. ಪಕ್ಕದಲ್ಲಿ 'ತಪ್ಪು' ಎಂದು ಬರೆದು ಸಂಜೆಯವರೆಗೆ ಹಾಗೆಯೇ ಬಿಡುತ್ತಿದ್ದರು. ಇನ್ಸ್‌ಪೆಕ್ಟರರು ಬರುವ ದಿನ ನಾನು ಅಂಥದೊಂದನ್ನು ಒರೆಸಹೋದೆ.

"ಇರ್ಲಿ ಬಿಡ್ರಿ. ನಾ ಮಾಡಿದ್ದು, ಸಾಹೇಬ್ರೂ ನೋಡ್ಲಿ" ಎಂದರು.

ಇನ್ಸ್‌ಪೆಕ್ಟರರು ನೋಡಿದರು, ತಮ್ಮ ಅಭಿಪ್ರಾಯದ ಶೆರಾ ಪುಸ್ತಕದಲ್ಲಿ ಅದನ್ನು ಬರೆದೂ ಹೋದರು. ಮಾಸ್ತರರಿಗೆ ಏನೂ ಅನ್ನಿಸಲಿಲ್ಲ. ಅವಮಾನವಾದದ್ದು ನನಗೆ.

ಇಂಥ ಮನುಷ್ಯ ಸುಳ್ಳು ಹೇಳಿಯಾರೆಂದು ಯಾರಿಗೂ ಅನ್ನಿಸುವಂತಿರಲಿಲ್ಲ. ಆದರೆ ಊರಲ್ಲಿ ಅವರ ಒಂದು ಮಾತನ್ನು ಜನ ಅರ್ಧ ಮಾತ್ರ ನಂಬುತ್ತಿದ್ದರು. ನಾನು ಹೋದ ಮೊದಲ ವಾರವೇ ಚಾವಡಿಯ ಕಟ್ಟೆಯ ಮೇಲೆ ಕುಳಿತವನೊಬ್ಬ, "ಮಾಸ್ತರ್ರ ಇಟಲಿ ಗುಡಿ ಕೇಳಿರೇನ್ರಿ? ಕೇಳ್ರಿ, ಕಂಬ ಎಣಿಸೂದ್ರಾಗ ಹೊತ್ತು ಮುಳಗತೈತಿ" ಎಂದು ನಕ್ಕಿದ್ದ.

ಅದರ ಹಿನ್ನೆಲೆ ಹೀಗೆ. ಲಡಾಯಿಯ ಮೂರನೆಯ ವರ್ಷವೋ ನಾಲ್ಕನೆಯ ವರ್ಷವೋ ಸರಕಾರದವರು ಕೂಲಿ ಪಲ್ಟನ್ನಿಗೆ ಜನ ಬೇಕೆಂದು ಜಾಹೀರು ಮಾಡಿದರು. ಬಂದೂಕು ಹಿಡಿಯುವುದಿಲ್ಲ, ಫ್ರಾನ್ಸಿನಲ್ಲಿ ರಸ್ತೆ ಮಾಡುವುದು, ಹೇರು ಇಳಿಸುವುದು, ಇಷ್ಟೇ ಕೆಲಸ. ಆ ಕಾಗದವನ್ನು ಚಾವಡಿಯಲ್ಲಿ ಓದಿ ಹೇಳಿದವರು ಮಾಸ್ತರರು. ಅವರು ಓದಿದರೆಂದು ಒಂಬತ್ತು ಜನ ಹೆಬ್ಬೆಟ್ಟು ಒತ್ತಿದರು. ಅವರಲ್ಲೊಬ್ಬ ರುದ್ರಪ್ಪ, ನೀಲವ್ವ ಎಂಬ ಲಿಂಗಾಯತ ಹೆಂಗಸಿನ ಒಬ್ಬನೇ ಮಗ. ಮದುವೆಯಾಗಿ ಇನ್ನೂ ಎರಡು ವರ್ಷವಾಗಿರಲಿಲ್ಲ. ನೀಲವ್ವ ಸಾಲೆಗೆ ಬಂದು, "ನೀವು ಓದಿದ್ರಿ, ಅಂವ ಒತ್ತಿದ. ನೀವೂ ಹೋಗ್ತೀರೇನು?" ಎಂದು ಕೇಳಿದಳಂತೆ. ಮಾಸ್ತರರು ಒಂದು ರಾತ್ರಿ ಯೋಚನೆ ಮಾಡಿ, ರಜೆ ಬರೆದುಕೊಟ್ಟು, ಆ ಪಲ್ಟನ್ನಿನ ಕಾರಕೂನರಾಗಿ ಅವರ ಜೊತೆಗೇ ಹೊರಟರು. ಆಗ ಅವರಿಗೆ ನಲವತ್ತು ದಾಟಿತ್ತು.

ಹೋದವರು ಹತ್ತು ಜನ, ಬಂದವರು ಒಂಬತ್ತು. ಹಡಗಿನಿಂದ ಇಟಲಿ ದೇಶದಲ್ಲಿ ಇಳಿದು ರೈಲಿನಲ್ಲಿ ಫ್ರಾನ್ಸಿಗೆ ಹೋಗುವಾಗ ರುದ್ರಪ್ಪನಿಗೆ ಚಳಿಜ್ವರ ಬಂದು ಎದೆ ಕಟ್ಟಿತು. ಅವನನ್ನು ಯಾವುದೋ ಊರಿನ ಹತ್ತಿರ ಪಲ್ಟನ್ನಿನ ಡೇರೆಗಳಿದ್ದಲ್ಲಿ ಇಳಿಸಿದರು. ಮಾಸ್ತರರು ಪಲ್ಟನ್ನಿನ ಸಾಹೇಬನ ಕೈಕಾಲು ಹಿಡಿದು ಅವನ ಜೊತೆಗೆ ಇಳಿದರು. ಉಳಿದ ಎಂಟು ಜನ ಮುಂದೆ ಹೋದರು. ಮೂರನೆಯ ದಿನ ರುದ್ರಪ್ಪ ಸತ್ತ. ನಮ್ಮ ಊರಿನ ಪೈಕಿ ಅದನ್ನು ಕಣ್ಣಿನಿಂದ ಕಂಡವರು ಮಾಸ್ತರರು ಒಬ್ಬರೇ.

ಸರಕಾರದಿಂದ ಒಂದು ಇಂಗ್ಲಿಷ್ ಕಾಗದ ಬಂತು. ಅದನ್ನು ಓದಿ ಹೇಳಿದವರೂ ಮಾಸ್ತರರೇ. ನೀಲವ್ವ ಅದನ್ನು ಮಡಿಚಿ ಗೂಡಿನಲ್ಲಿಟ್ಟಳು, ನಂಬಲಿಲ್ಲ. ಸತ್ತವನ ಒಂದು ಚೂರು ಬಟ್ಟೆಯನ್ನೂ ಮಾಸ್ತರರು ತಂದಿರಲಿಲ್ಲ. ಕೊರಳಲ್ಲಿನ ಲಿಂಗ ಎಲ್ಲಿ ಎಂದು ಕೇಳಿದರೆ, ಅದು ಅವನ ಕೈಯಲ್ಲೇ ಇದೆ ಎಂದರು. ಲಿಂಗವಂತನ ಲಿಂಗ ಅವನೊಡನೆಯೇ ಮಣ್ಣಿಗೆ ಹೋಗಬೇಕು, ಅದು ನೀಲವ್ವನಿಗೂ ಗೊತ್ತು. ಹೀಗಾಗಿ ಅವಳು ತಪ್ಪು ಹಿಡಿಯುವಂತಿರಲಿಲ್ಲ, ನಂಬುವಂತೆಯೂ ಇರಲಿಲ್ಲ.

ಇದರ ನಡುವೆ ಸಿಕ್ಕಿಬಿದ್ದವಳು ಸೊಸೆ ಗಂಗವ್ವ. ಆಗ ಅವಳಿಗೆ ಹತ್ತೊಂಬತ್ತು ಇರಬೇಕು. ತವರು ಸಂಗೊಳ್ಳಿಯ ಕಡೆ. ಗಂಡ ಸತ್ತವಳಿಗೆ ಮತ್ತೊಂದು ಸೀರೆ ಉಡಿಸಿ ಬೇರೊಬ್ಬನ ಮನೆ ತುಂಬಿಸುವ ಉಡಿಕಿಯ ಪದ್ಧತಿ ಅವರಲ್ಲಿತ್ತು. ಅಪ್ಪ ಎರಡು ಸಲ ಬಂದು ಹೋಗಿದ್ದ. ನೀಲವ್ವ ಎರಡು ಸಲವೂ, "ನನ್ನ ಮಗಾ ಬಂದು ಹೇಂತಿ ಎಲ್ಲಿ ಅಂದ್ರ ನೀ ಬಂದು ಉತ್ರಾ ಕೊಡತೀಯೇನು?" ಎಂದು ಕಳಿಸಿದ್ದಳು. ಗಂಗವ್ವ ಕೈತುಂಬ ಬಳೆ ಇಟ್ಟುಕೊಂಡು ಅತ್ತೆಯ ಹೊಲ ಮನೆ ನೋಡಿಕೊಂಡಿದ್ದಳು.

ಮಾಸ್ತರರು ಪ್ರತಿ ಸೋಮವಾರ ಸಾಲೆ ಬಿಟ್ಟ ಮೇಲೆ ನೀಲವ್ವನ ಮನೆಗೆ ಹೋಗುತ್ತಿದ್ದರು. ಒಂದು ದಿನ ನನಗೆ, "ನೀವೂ ಬರ್ರಿ. ಮಾತಾಡೂದ ಬ್ಯಾಡ, ಸುಮ್ಮ ಕುಂತ್ರ ಸಾಕು. ಒಬ್ನ ಹೋಗಾಕ ಧೈರ್ಯ ಸಾಲೂದಿಲ್ಲ" ಎಂದರು. ಇಟಲಿಯ ಪುರಾಣ ಕೇಳಲು ಇನ್ನೊಬ್ಬ ಶ್ರೋತೃ ಬೇಕಾಗಿರಬೇಕು ಎಂದುಕೊಂಡು ಹೋದೆ.

ನೀಲವ್ವ ಪಡಸಾಲೆಯಲ್ಲಿ ಮೊರದ ತುಂಬ ಜೋಳ ಹಾಕಿಕೊಂಡು ಹಸನು ಮಾಡುತ್ತಿದ್ದಳು. ಮಾಸ್ತರರು ಕಂಬಳಿಯ ಮೇಲೆ ಕುಳಿತು ಶುರು ಮಾಡಿದರು. ರುದ್ರಪ್ಪ ಬೆಳಕು ಹರಿಯುವಾಗ ಹೋದ. ಡೇರೆಗಳ ಮೇಲಿನ ಸಾಹೇಬ ತನ್ನ ಪುಸ್ತಕ ತೆಗೆದು ನೋಡಿ, ಹಿಂದೂಗಳನ್ನು ಸುಡಬೇಕು ಎಂದ. ನಾವು ಲಿಂಗವಂತರು ಹೂಳುತ್ತೇವೆ ಎಂದರು ಮಾಸ್ತರರು. ಹೂಳುವುದಾದರೆ ಮುಸಲ್ಮಾನನೇ? ಅಲ್ಲ. ಕಿರಿಸ್ತಾನನೇ? ಅಲ್ಲ. ಹಾಗಾದರೆ ಏನು? ಮಾಸ್ತರರು ತಮ್ಮ ಇಂಗ್ಲಿಷಿನಲ್ಲಿ ಆದಷ್ಟು ಹೇಳಿದರು. ಸಾಹೇಬ ಕೆಟ್ಟವನಲ್ಲ, ಆದರೆ ಆ ಪುಸ್ತಕದಲ್ಲಿ ಅಂಥವರಿಗೆ ಜಾಗವಿರಲಿಲ್ಲ. ಸಂಜೆಯ ರೈಲಿಗೆ ನೀನು ಹೊರಡಬೇಕು, ಅಷ್ಟರೊಳಗೆ ಜಾಗ ಹುಡುಕಿಕೊಂಡರೆ ಹೂಳು, ಇಲ್ಲದಿದ್ದರೆ ಸುಡು ಎಂದುಬಿಟ್ಟ. ಮಾಸ್ತರರು ಗುಡ್ಡದ ಮೇಲಿನ ಊರಿಗೆ ಓಡಿದರು.

"ಸವದತ್ತಿ ಗುಡ್ಡ ಏರಿದಂಗ ಪಾವಟಿಗಿ ಏರಿ ಹೋಗಬೇಕವ್ವಾ" ಎಂದರು. "ಓಣಿ ಅಂದ್ರ ಜೋಡೆತ್ತು ಹಾಯೂದಿಲ್ಲ, ಅಷ್ಟು ಸಣ್ಣವು. ಎಲ್ಲಾ ಕಲ್ಲಿನ ಮನಿ. ಗಂಡಸ್ರು ಲಡಾಯಿಗೆ ಹೋಗ್ಯಾರ, ಬಾಗಲಾ ಮುಚ್ಯಾವು. ಊರ ತುದೀಗೆ ಅವರ ಗುಡಿ. ಹೊರಗಿಂದ ನೋಡಿದ್ರ ಹಳೇ ವಾಡೇದ ಗ್ವಾಡಿ ಇದ್ದಂಗ, ಏನೂ ಶೃಂಗಾರ ಇಲ್ಲ. ಬಾಗಲಾ ನೂಕಿದ್ನಿ. ಒಳಗ ಕತ್ತಲಿ, ಲೋಬಾನದ ವಾಸನಿ. ತುಸು ನಿಂತ ಮ್ಯಾಲ ಒಂದೊಂದ ಕಂಬ ಕಾಣಾಕ ಹತ್ತಿದುವು. ಎಂಟು ಕಂಬ. ಒಂದರಂಗ ಇನ್ನೊಂದಿಲ್ಲ. ಯಾವ ಯಾವ ಹಾಳ ಗುಡಿಯಿಂದ ತಂದು ನಿಲ್ಲಿಸಿದ್ರೋ ಏನೋ. ಒಂದು ಗಿಡ್ಡ ಆಗೇತಂತ ಕೆಳಗ ಕಲ್ಲು ಕೊಟ್ಟು ಸಮಾ ಮಾಡ್ಯಾರ. ಆರೇಳು ನೂರು ವರ್ಷದ ಗುಡಿ ಅಂತ ಆಮ್ಯಾಲ ಕೇಳಿದ್ನಿ."

ಬೂಟು ಬಿಚ್ಚಿ ಒಳಗೆ ಹೋದರಂತೆ. ಬಾಗಿಲ ಹತ್ತಿರ ಕಲ್ಲಿನ ಬಟ್ಟಲಲ್ಲಿ ನೀರಿತ್ತು. ಕಾಲು ತೊಳೆದುಕೊಳ್ಳಲು ಇಟ್ಟಿದ್ದಾರೆಂದು ತಿಳಿದು ಬೊಗಸೆಯಿಂದ ತೆಗೆದು ಎರಡೂ ಪಾದಕ್ಕೆ ಹಾಕಿಕೊಂಡರು. ಅದು ಬೆರಳು ಅದ್ದಿ ಹಣೆಗೆ ಮುಟ್ಟಿಸಿಕೊಳ್ಳುವ ತೀರ್ಥವೆಂದು ಪಲ್ಟನ್ನಿನ ಕಿರಿಸ್ತಾನ ಕಾರಕೂನನೊಬ್ಬ ಹೇಳಿದಾಗ ತಿಂಗಳು ಕಳೆದಿತ್ತು. ಅದನ್ನು ಹೇಳುವಾಗ ಪ್ರತಿ ಸಲವೂ ಅವರ ಕಿವಿ ಕೆಂಪಾಗುತ್ತಿತ್ತು. ಒಳಗಿನಿಂದ ಕರಿ ನಿಲುವಂಗಿಯ ಮುದಿ ಪಾದ್ರಿ ಬಂದ. ರುಮಾಲಿನ ಕಡೆ ಕೈ ಮಾಡಿ ತೆಗೆ ಎಂದ. ದೇವರ ಮುಂದೆ ಬರಿದಲೆಯಲ್ಲಿ ನಿಲ್ಲುವುದು ನಮ್ಮಲ್ಲಿ ಅಪಶಕುನ. ಮಾಸ್ತರರು ತಮ್ಮ ಬರಿಗಾಲನ್ನು ತೋರಿಸಿದರು. ಪಾದ್ರಿ ಆ ತಣ್ಣನೆಯ ಕಲ್ಲಿನ ಮೇಲಿನ ಒದ್ದೆ ಪಾದಗಳನ್ನು ನೋಡಿ, ರುಮಾಲಿನ ಮಾತು ಬಿಟ್ಟುಬಿಟ್ಟ.

"ನನ್ನ ಕೊರಳಾಗಿನ ಲಿಂಗ ಬಿಚ್ಚಿ ಅಂಗೈಮ್ಯಾಗ ಇಟ್ಟು ತೋರಿಸಿದ್ನಿ. ಕಣ್ಣ ಮುಚ್ಚಿ ತೋರಿಸಿದ್ನಿ. ನೆಲಾ ಮುಟ್ಟಿ ತೋರಿಸಿದ್ನಿ. ಅಂವಗ ನನ್ನ ಭಾಷಾ ಬರೂದಿಲ್ಲ, ನನಗ ಅವಂದು ಬರೂದಿಲ್ಲ. ಭಾಳ ಹೊತ್ತು ನೋಡಿದ. ಆಮ್ಯಾಲ ನನ್ನ ರಟ್ಟಿ ಹಿಡಕೊಂಡು ಗುಡಿ ಹಿತ್ತಲಕ ಕರಕೊಂಡು ಹೋದ. ಅಲ್ಲಿ ಅವನ ಕೋಬೀಜ ಕಾಯಿಪಲ್ಯಾದ ಮಡಿ. ನಾಕು ಕೋಬೀಜು ಕಿತ್ತು ಬದುವಿನ ಮ್ಯಾಲ ಇಟ್ಟು, ಇಲ್ಲಿ ಅಂದ."

ಇಲ್ಲಿಯವರೆಗೆ ನೀಲವ್ವ ಮೊರ ಆಡಿಸುತ್ತಲೇ ಕೇಳಿದಳು. ಆಮೇಲೆ ತಲೆ ಎತ್ತದೆ, "ಜೀವ ಹೋದಕೂಡ್ಲೆ ಕುಂಡ್ರಿಸಿದ್ರೇನ್ರಿ?" ಎಂದಳು.

ಆ ಕಡೆಯ ಲಿಂಗಾಯತರ ಮನೆಯಲ್ಲಿ ಯಾರಾದರೂ ಸತ್ತರೆ ಮೊದಲ ಕೆಲಸ ಅದು. ಅಳುವುದು ಆಮೇಲೆ. ಮೈ ಬಿಸಿಯಿರುವಾಗಲೇ ಗೋಡೆಗೆ ಆನಿಸಿ, ಪದ್ಮಾಸನ ಹಾಕಿಸಿ, ಬಟ್ಟೆಯಿಂದ ಕಟ್ಟಿ ಕೂಡಿಸುತ್ತಾರೆ. ಕುಳಿತ ಹಾಗೆಯೇ ಕುಣಿಯಲ್ಲಿಡುತ್ತಾರೆ. ಓದು ಬರಹ ಬಾರದ ಮುದುಕಿಗೂ ಇದನ್ನು ಯಾರೂ ನೆನಪು ಮಾಡಿಕೊಡಬೇಕಿಲ್ಲ.

"ಹೂಂ, ಕುಂಡ್ರಿಸಿದ್ನೆವ್ವಾ. ಗ್ವಾಡಿಗೆ ಆನಿಸಿ ಕುಂಡ್ರಿಸಿದ್ನಿ" ಎಂದರು ಮಾಸ್ತರರು. ಹಾಗೆಂದವರೇ, ಆ ಗುಡಿಯ ಕಿಟಕಿಗಳು ಎಷ್ಟು ಎತ್ತರದಲ್ಲಿದ್ದವು, ಅಲ್ಲಿಂದ ಬಿಸಿಲು ಹೇಗೆ ಬೀಳುತ್ತಿತ್ತು, ಗೋಡೆಯ ಮೇಲಿನ ಮಾಸಿದ ಚಿತ್ರದಲ್ಲಿ ಎಷ್ಟು ಜನ ಇದ್ದರು ಎಂದು ಹೇಳಲು ಹೊರಟರು.

"ಡೇರೇದಾಗ ಗ್ವಾಡಿ ಎಲ್ಲಿಂದ ಬಂತ್ರೀ ಮಾಸ್ತರ?" ಎಂದಳು ನೀಲವ್ವ.

ಮಾಸ್ತರರು ತಪಕೀರಿನ ಡಬ್ಬಿ ತೆಗೆದರು, ಮುಚ್ಚಿದರು. ಆ ದಿನದ ಮಾತು ಅಲ್ಲಿಗೇ ನಿಂತಿತು.

ಆಮೇಲೆ ಎಷ್ಟೋ ಸೋಮವಾರ ನಾನು ಅವರ ಜೊತೆ ಹೋದೆ. ಆ ಗುಡಿಯ ಎಂಟು ಕಂಬಗಳೂ ನನಗೆ ಬಾಯಿಪಾಠವಾದವು. ಹೆಣವನ್ನು ಕೂಡಿಸಿದ ಮಾತನ್ನು ನೀಲವ್ವ ತೆಗೆದಾಗಲೆಲ್ಲ ಮಾಸ್ತರರು ಗುಡಿಯೊಳಗೆ ಹೊಕ್ಕುಬಿಡುತ್ತಿದ್ದರು. ಒಮ್ಮೆ ಡೇರೆಯ ಕಂಬಕ್ಕೆ ಆನಿಸಿದೆ ಎಂದರು. ಒಮ್ಮೆ ಪೆಟ್ಟಿಗೆಗೆ ಆನಿಸಿದೆ ಎಂದರು. ನಾನು ದಡ್ಡ. ದೇಶ ಸುತ್ತಿ ಬಂದ ಮುದುಕನಿಗೆ ಗುಡಿ ವರ್ಣಿಸುವ ಚಟ ಎಂದೇ ತಿಳಿದಿದ್ದೆ. ಒಂದು ಸಲ ದಾರಿಯಲ್ಲಿ, "ಆ ಚಿತ್ರದ ಸುದ್ದಿ ಸ್ವಲ್ಪ ಸಣ್ಣದು ಮಾಡ್ರಿ, ಆಕಿಗೆ ಬ್ಯಾಸರ ಬರತೈತಿ" ಎಂದು ಉಪದೇಶವನ್ನೂ ಮಾಡಿದೆ. ಅವರು ಹೂಂ ಎಂದರು. ಈಗ ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ಗಂಗವ್ವ ಸಾಲೆಗೆ ಬಂದಳು. ಮಕ್ಕಳು ಊಟಕ್ಕೆ ಹೋಗಿದ್ದರು. ಒಳಗೆ ಬಾರದೆ ಬಾಗಿಲ ಹೊರಗೇ ನಿಂತು ಸೆರಗು ಸರಿಮಾಡಿಕೊಂಡಳು.

"ಮಾಸ್ತರ, ಒಂದ ಮಾತ ಕೇಳತೇನಿ. ಸಿಟ್ಟಾಗಬ್ಯಾಡ್ರಿ."

"ಕೇಳವಾ."

"ನೀವು ಏನೋ ಮುಚ್ಚಿಟ್ಟೀರಿ ಅಂತಾಳ ನಮ್ಮತ್ತಿ. ನನಗೂ ಹಂಗ ಅನಸತೈತ್ರಿ."

ಮಾಸ್ತರರು ಕೈಯಲ್ಲಿದ್ದ ಸೀಮೆಸುಣ್ಣವನ್ನು ಕಿಸೆಗೆ ಹಾಕಿದರು.

"ಅಂವ ಬದುಕ್ಯಾನ ಅನ್ನೂದ ಮುಚ್ಚಿಟ್ಟಿದ್ರ ಹೇಳ್ರಿ, ಎಷ್ಟು ವರ್ಷ ಅಂದ್ರೂ ಹಾದಿ ಕಾಯತೇನಿ. ಬ್ಯಾರೆ ಏನರ ಇದ್ರ ಅದನ್ನ ಹೇಳ್ರಿ. ಹಿಂಗ ನಡಕ ನಿಲ್ಲಿಸಬ್ಯಾಡ್ರಿ ನನ್ನ. ಹಬ್ಬಕ್ಕ ಹೊಸ ಬಳಿ ಇಟಗೋಳಾಕೂ ಹೆದರಿಕಿ, ಬಿಡಾಕೂ ಹೆದರಿಕಿ."

ಇಷ್ಟು ಹೇಳಿ ಹೋಗಿಬಿಟ್ಟಳು. ಮಾಸ್ತರರು ಆ ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ನಾಲ್ಕನೆಯ ಇಯತ್ತೆಯ ಪಾಠವನ್ನು ನನಗೆ ಒಪ್ಪಿಸಿ ಸಾಲೆಯ ಹಿಂದೆ ಹೋಗಿ ಒಬ್ಬರೇ ಕುಳಿತರು.

ಮುಂದಿನ ಸೋಮವಾರ ನೀಲವ್ವನ ಮನೆಗೆ ಹೋದಾಗ ಕಂಬಳಿ ಹಾಸಿದರೂ ಅವರು ಕೂಡಲಿಲ್ಲ. ನಿಂತುಕೊಂಡೇ ಹೇಳಿದರು.

"ನೀಲವ್ವಾ, ಇವತ್ತ ಗುಡಿ ಸುದ್ದಿ ಇಲ್ಲ. ನಾ ನಿನ್ನ ಮಗನ್ನ ಕುಂಡ್ರಿಸಲಿಲ್ಲ."

ಮೊರ ನಿಂತಿತು.

"ಅಂವ ಹೋದಕೂಡ್ಲೆ ನನಗ ಸಾಹೇಬ ನೆನಪಾದ, ಅವನ ಕಾಯದೆ ನೆನಪಾತು, ಸುಟ್ಟಬಿಡತಾರ ಅಂತ ಹೆದರಿಕಿ ಆತು. ಸಾಹೇಬನ ಕಡೆ ಓಡಿದ್ನಿ, ಊರಾಗ ಓಡಿದ್ನಿ, ಗುಡಿಗೆ ಹೋದ್ನಿ. ಜಾಗಾ ಸಿಕ್ತು ಅಂತ ಖುಷಿಲೆ ಹೊಳ್ಳಿ ಬಂದ್ನಿ. ಬಂದು ನೋಡಿದ್ರ ಮೈ ಸೆಟದಿತ್ತು. ಮೊದಲ ಕುಂಡ್ರಿಸಿ ಹೋಗಬೇಕಾಗಿತ್ತು, ಮರತ್ನಿ. ಜೀವಮಾನದಾಗ ಎಷ್ಟು ಮಂದಿನ್ನ ಕುಂಡ್ರಿಸೇನಿ, ಆ ಹೊತ್ತಿನ್ಯಾಗ ಮರತ್ನಿ. ಮಲಗಿದಾಂವನ್ನ ಮಲಗಿದಂಗ ಹುಗದು ಬಂದೇನಿ. ಇಷ್ಟು ದಿನಾ ನಿನಗ ಸುಳ್ಳು ಹೇಳೇನಿ."

ನಾನು ನೆಲ ನೋಡುತ್ತ ಕುಳಿತಿದ್ದೆ. ನನಗೂ ಅದನ್ನು ಅವರು ಹೇಳಿರಲಿಲ್ಲ. ಅಷ್ಟು ವಾರ ಆ ಎಂಟು ಕಂಬಗಳ ಹಿಂದೆ ಅವರು ಅಡಗಿಕೊಂಡಿದ್ದು ಯಾತಕ್ಕೆಂದು ಆಗ ಗೊತ್ತಾಯಿತು.

ನೀಲವ್ವ ಕೇಳಿದಳು, "ಲಿಂಗ?"

"ಎಡಗೈಯಾಗ ಇಟ್ಟು ಅರಿವಿ ಸುತ್ತೇನಿ. ಅದು ಖರೆ."

"ಹಣಿಗೆ ಇಬತ್ತಿ?"

"ಹಚ್ಚೇನಿ. ಅದೂ ಖರೆ."

"ಹೆಂಗ ಮಲಗಿದ್ದ?"

"ಬಲಮಗ್ಗಲಾಗಿ. ಮೊಣಕಾಲು ಎದಿಗೆ ಹಚಗೊಂಡು, ಬಲಗೈ ಗಲ್ಲದ ಬುಡಕ. ಕಂಬಳಿ ತಲಿತುಂಬ ಹೊದ್ದಿದ್ದ, ಪಾದ ಎರಡೂ ಹೊರಗಿದ್ದುವು. ಆ ರಾತ್ರಿ ಎರಡ ಸಲ ನಾನ ಹೊದಿಸಿದ್ನಿ, ಮತ್ತ ಹೊರಗ ಹಾಕಿದ್ದ."

ನೀಲವ್ವ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಅಂವ ಹಂಗ ಮಲಗಾಂವ" ಎಂದಳು. "ಸಣ್ಣಾಂವಿದ್ದಾಗಿಂದ ಹಂಗ. ಎಷ್ಟ ಹೊದಿಸಿದ್ರೂ ಕಾಲು ಹೊರಗ." ಆಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ, "ಹಂಗಾರ ಅಂವ ನನ್ನ ಮಗನ. ಹೋಗ್ಯಾನ" ಎಂದಳು.

ಎರಡು ವರ್ಷ ತಡೆದಿಟ್ಟ ಅಳು ಆಗ ಬಂತು. ಓಣಿಯ ಹೆಂಗಸರು ಬಂದು ತುಂಬಿಕೊಂಡರು. ಗಂಗವ್ವ ಒಳಬಾಗಿಲಿನಲ್ಲಿ ಕುಸಿದು ಕುಳಿತಳು. ಬಿಡುಗಡೆ ಬೇಡಿದವಳು ಅವಳೇ. ಆದರೆ ಆ ಹೊತ್ತಿನಲ್ಲಿ ಅತ್ತೆಗಿಂತ ಹೆಚ್ಚು ಅತ್ತವಳೂ ಅವಳೇ. ಮಾಸ್ತರರು ಅಪರಾಧಿಯ ಹಾಗೆ ನಿಂತೇ ಇದ್ದರು. ಹೋಗೋಣವೆಂದು ನಾನು ಅವರ ತೋಳು ಮುಟ್ಟಿದೆ, ಕದಲಲಿಲ್ಲ.

ಹೆಂಗಸರ ಗದ್ದಲ ಇಳಿದ ಮೇಲೆ ನೀಲವ್ವ ಮುಖ ಒರೆಸಿಕೊಂಡು ಅವರನ್ನು ನೋಡಿದಳು. "ಸಾಲಿ ಕಲತವರು ನೀವು. ಒಬ್ಬಾಕಿ ಹೆಣ್ಣಮಗಳು ಇದ್ದಿದ್ರ ಮರೀತಿದ್ದಿಲ್ಲ" ಎಂದಳು. ಕ್ಷಮಿಸಿದೆ ಎಂದು ಆಗಲೂ ಹೇಳಲಿಲ್ಲ, ಮುಂದೆಯೂ ಹೇಳಿದ್ದು ನನಗೆ ಗೊತ್ತಿಲ್ಲ. ಆಮೇಲೆ ಸೊಸೆಯ ಕಡೆಗೆ ತಿರುಗಿ, "ನಾಳಿ ನಿಮ್ಮಪ್ಪಗ ಹೇಳಿ ಕಳಸು. ಬಂದು ಮಾತಾಡ್ಲಿ" ಎಂದಳು. ಮರುವರ್ಷ ಗಂಗವ್ವನನ್ನು ರಾಮದುರ್ಗದ ಕಡೆಯ ಒಬ್ಬ ಒಕ್ಕಲುತನದವನಿಗೆ ಉಡಿಕಿ ಮಾಡಿ ಕೊಟ್ಟರು. ನೀಲವ್ವನೇ ಮುಂದೆ ನಿಂತು ಸೀರೆ ಉಡಿಸಿ ಕಳಿಸಿದಳು. ಮಾಸ್ತರರೂ ನಾನೂ ಚಕ್ಕಡಿಯ ಹಿಂದೆ ಹಳ್ಳದವರೆಗೆ ನಡೆದು ಹೋಗಿದ್ದೆವು.

ಆದರೆ ಆ ಸೋಮವಾರದ ಮಾತು ಇನ್ನೂ ಮುಗಿದಿಲ್ಲ. ದೀಪ ಹಚ್ಚುವ ಹೊತ್ತಾಗಿ ನಾವು ಹೊರಟು ಕಟ್ಟೆ ಇಳಿಯುತ್ತಿದ್ದಾಗ ನೀಲವ್ವ ಕರೆದಳು.

"ಮಾಸ್ತರ, ಆ ಗುಡಿ ಹಿತ್ತಲದಾಗ ಕಸಾ ಕಡ್ಡಿ ಯಾರರ ಹೊಡೀತಾರೇನು?"

ಹೌದೆನ್ನಿ ಎಂದು ನಾನು ಮನಸ್ಸಿನಲ್ಲೇ ಅವರನ್ನು ಬೇಡಿಕೊಂಡೆ. ಒಂದು ಮಾತು, ಯಾರಿಗೂ ನಷ್ಟವಿಲ್ಲ, ಆ ತಾಯಿ ನೆಮ್ಮದಿಯಿಂದ ಮಲಗಿಯಾಳು.

"ಈಗ ಗೊತ್ತಿಲ್ಲವ್ವಾ" ಎಂದರು ಮಾಸ್ತರರು. "ನಾ ಹೋದ ಆ ದಿನಾ ಒಬ್ಬ ಮುದುಕಿ ಹೊಡ್ಯಾಕ ಹತ್ತಿದ್ದಳು. ಮಣ್ಣ ಮುಚ್ಚಿದ ಮ್ಯಾಲ ಬಂದು ಸುತ್ತಲೂ ಹೊಡದಳು. ಯಾರೂ ಹೇಳಿದ್ದಿಲ್ಲ ಆಕಿಗೆ."

"ಎಷ್ಟ ವಯಸ್ಸಿನಾಕಿ?"

"ನಿನ್ನಷ್ಟ ಇರಬೇಕು. ಆಕಿ ಮಗನೂ ಲಡಾಯಿಗೆ ಹೋಗಿದ್ನಂತ. ಪಾದ್ರಿ ಕೈಸನ್ನಿ ಮಾಡಿ ಹೇಳಿದ."

"ಹಂಗಾರ ಈಗೂ ಹೊಡೀತಾಳ" ಎಂದು ಹೇಳಿ ನೀಲವ್ವ ದೀಪ ಹಚ್ಚಲು ಒಳಗೆ ಹೋದಳು.